ಕೊನೆಯ ಚಿತ್ರದ ಬಳ್ಳಿ

"ಎಡಗಡೆ ಸ್ವಲ್ಪ ಎತ್ತು ಲಾಯ್ಡ್, ಸೊಟ್ಟಗಿದೆ," ಎಂದಳು ನೆರೆಮನೆಯ ವರ್ನಾ, ಬಾಯಲ್ಲಿದ್ದ ಸ್ಯಾಂಡ್‌ವಿಚ್ ನುಂಗದೆಯೇ.

ಹಿಲ್ಡಾಳನ್ನು ಮಣ್ಣು ಮಾಡಿ ಬಂದು ಅರ್ಧ ಗಂಟೆಯಾಗಿರಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ದೋಣಿ ಬಡಗಿ ಲಾಯ್ಡ್ ಅವಳ ಕೊನೆಯ ಚಿತ್ರವನ್ನು ಗೋಡೆಗೆ ತೂಗುಹಾಕುತ್ತಿದ್ದ. ಮಕ್ಕಳ ಕತೆಗಳಿಗೆ ಚಿತ್ರ ಬರೆಯುತ್ತಿದ್ದ ಹಿಲ್ಡಾ ಮನುಷ್ಯರನ್ನು ಗಿಡಗಳಾಗಿಯೇ ಬರೆಯುತ್ತಿದ್ದಳು. ಹೊಸ ಪುಸ್ತಕ ಬಂದೊಡನೆ ಊರಿನವರು ಅದರಲ್ಲಿ ತಮ್ಮನ್ನು ಹುಡುಕುತ್ತಿದ್ದರು.

ಈ ಚಿತ್ರ ಬರೆದದ್ದು ಇಬ್ಬರು ಅಕ್ಕತಂಗಿಯರ ಕತೆಗೆ. ಚಿತ್ರದಲ್ಲಿ ಒಂದು ಬೇಲಿಗೂಟ; ಅದನ್ನು ಸುತ್ತಿ ಸುತ್ತಿ ಬಿಗಿದ ಬಳ್ಳಿ.

"ಬಳ್ಳಿ ಯಾರು ಅಂತ ಕೇಳೋ ಹಾಗೇ ಇಲ್ಲ ಬಿಡು," ಎಂದಳು ವರ್ನಾ. "ಹೋದ ಪುಸ್ತಕದಲ್ಲಿ ನನ್ನ ಮುಳ್ಳುಗಿಡ ಮಾಡಿದ್ಲು. ಒಂದು ಹೂವಾದ್ರೂ ಬಿಟ್ಟಿತ್ತಪ್ಪ."

ಹಿಲ್ಡಾಳ ತಂಗಿ ಥೆಲ್ಮಾ ಮುಂದಿನ ಕಪ್ಪಿಗೆ ಚಹಾ ಸುರಿದಳು. ಮೂವತ್ತೊಂದು ವರ್ಷ ಅಕ್ಕನ ಮನೆಯಲ್ಲೇ ಉಳಿದವಳು ಅವಳು. ನಾನು ನಿನಗೆ ಹೊರೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

*

ಮಾರ್ಚಿನಲ್ಲಿ ಥೆಲ್ಮಾ ಅಕ್ಕನ ಮೇಜಿನ ಹತ್ತಿರ ಹೋದಾಗ ಹಿಲ್ಡಾ ಕಾಗದವನ್ನು ತೋಳಿನಿಂದ ಮುಚ್ಚಿದ್ದಳು.

"ಮುಚ್ಚೋದು ಯಾಕೆ ಅಕ್ಕ?"

"ಮುಗೀಲಿ, ಆಮೇಲೆ ನೋಡುವಿಯಂತೆ. ಅರ್ಧ ನೋಡಿ ನೀನು ಪೂರ್ತಿ ಕತೆ ಕಟ್ತೀಯ."

ಅಂದಿನಿಂದ ಥೆಲ್ಮಾ ಆ ತೋಳನ್ನು ಮರೆತಿರಲಿಲ್ಲ. ಹಾಸಿಗೆ ಹಿಡಿದ ಅಕ್ಕನಿಗೆ ಸಾರು ಕುಡಿಸುವಾಗ, ಬೆನ್ನು ಒರೆಸುವಾಗ, ಅವಳ ಮುಖವನ್ನೇ ನೋಡುತ್ತಿದ್ದಳು. ಹಿಲ್ಡಾ ಥ್ಯಾಂಕ್ಸ್ ಅಂದರೆ ಅದರಲ್ಲೂ ಏನೋ ಇದೆ ಅನ್ನಿಸುತ್ತಿತ್ತು.

*

ಕೋಣೆ ಖಾಲಿಯಾಗುತ್ತ ಬಂದಾಗ ಥೆಲ್ಮಾ ಚಿತ್ರದ ಮುಂದೆ ನಿಂತಳು. ಬಳ್ಳಿಯ ಹಿಡಿತಕ್ಕೆ ಗೂಟದ ತೊಗಟೆ ಒಳಗೆ ಕುಸಿದಿತ್ತು. ಆದರೆ ಯಾಕೋ ಚಿತ್ರ ಮೋಟಾಗಿ ಕಂಡಿತು.

"ಲಾಯ್ಡ್, ಕಾಗದ ಇಷ್ಟೇ ಇತ್ತಾ?"

"ಕೆಳಗೆ ನಾಲ್ಕು ಬೆರಳು ಜಾಸ್ತಿ ಇತ್ತು. ಕತೆಯ ಸಾಲು ಅಚ್ಚು ಹಾಕೋ ಜಾಗ ಅಲ್ವಾ ಅದು. ಚೌಕಟ್ಟಿಗೆ ಹಿಡಿಸಲಿಲ್ಲ, ಹಿಂದಕ್ಕೆ ಮಡಚಿದೆ."

"ಖಾಲಿ ಇತ್ತಾ?"

"ಏನೋ ಪೆನ್ಸಿಲ್ ಗೀಚು. ಬಣ್ಣ ಹಾಕಿರಲಿಲ್ಲ."

"ಇಳಿಸು ಅದನ್ನ."

"ಈಗ ತಾನೇ ನೇತುಹಾಕಿದ್ದಾನೆ ಪಾಪ," ಎಂದಳು ವರ್ನಾ.

ಲಾಯ್ಡ್ ಇಳಿಸಿಕೊಟ್ಟ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಥೆಲ್ಮಾ ಬೆಣ್ಣೆ ಸವರುವ ಚಾಕುವಿನಿಂದ ಬಾಗಿಸಿ ಕಾಗದವನ್ನು ಹೊರಗೆಳೆದಳು. ಮಡಿಕೆ ಬಿಡಿಸಿ ಎರಡೂ ಅಂಗೈಯಿಂದ ಮೇಜಿನ ಮೇಲೆ ಒತ್ತಿ ಹಿಡಿದಳು. ವರ್ನಾ ಬಗ್ಗಿ ನೋಡಿದಳು.

ಪೆನ್ಸಿಲ್ ಗೆರೆಗಳಲ್ಲಿ ಗೂಟದ ಬುಡ ಕೊಳೆತು ಉದುರಿಹೋಗಿತ್ತು. ಅದಕ್ಕೂ ನೆಲಕ್ಕೂ ನಡುವೆ ಒಂದು ಬೆರಳಗಲ ಬರಿ ಕಾಗದ. ಆ ಬಿಳುಪನ್ನು ದಾಟಿ ಮಣ್ಣಿಗಿಳಿದು ಗೂಟವನ್ನು ಎತ್ತಿ ಹಿಡಿದಿದ್ದದ್ದು ಬಳ್ಳಿಯೊಂದೇ.