ಎಮೊಸಿ ಚಾಪೆಗೆ ಮರಳಿದ್ದು

ಎಮೊಸಿ ಚಾಪೆಯ ಮೇಲೆ ಕೂರದೆ ಐದು ತಿಂಗಳಾಗಿತ್ತು.

ಕಡವು ದ್ವೀಪದ ಆ ಊರಿನಲ್ಲಿ ಚಾಪೆ ಎಂದರೆ ಮುಖಂಡನ ಮನೆಯ ಚಾಪೆ. ಗಂಡಸರು ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಯಂಗೋನ ಗಿಡದ ಬೇರು ಕಲಸಿದ ಅಮಲಿನ ನೀರನ್ನು ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತ ಊರಿನ ಎಲ್ಲ ಮಾತನ್ನೂ ಆಡಿ ಮುಗಿಸುತ್ತಾರೆ. ಹಿರಿಯರು ಕೂತಿರುವಾಗ ಯಾರೂ ನಿಲ್ಲುವಂತಿಲ್ಲ. ಎಮೊಸಿಯಂತೂ ಮುಖಂಡನ ಪರವಾಗಿ ಮಾತಾಡುವವನು. ಅವನ ಅಪ್ಪ, ಅಜ್ಜ ಕೂತು ಮಾತಾಡಿದ ಜಾಗ ಅದು. ನವೆಂಬರಿನಲ್ಲಿ ಮುಖಂಡನ ಮಗನ ಮದುವೆ ಬೇರೆ ಇತ್ತು. ಬೀಗರ ಎದುರು ಬಾಯಿ ಬಿಡಬೇಕಾದವನು ಚಾಪೆಯ ಹತ್ತಿರವೇ ಸುಳಿಯದಿದ್ದರೆ ಆ ಜಾಗ ಇನ್ನೊಬ್ಬರ ಪಾಲಾಗುವುದು ಖಂಡಿತ.

ತೊಂದರೆ ಇದ್ದದ್ದು ಕೂರುವ ಭಾಗದಲ್ಲೇ. ಮಾರ್ಚಿನಲ್ಲಿ ಗುದದ ಪಕ್ಕ ಒಂದು ಕುರು ಎದ್ದು, ಜ್ವರ ಬರಿಸಿ, ತಾನೇ ಒಡೆದು ಆರಿತ್ತು. ಮೂರು ವಾರಕ್ಕೆ ಅದೇ ಜಾಗ ಮತ್ತೆ ಊದಿತು, ಮತ್ತೆ ಒಡೆದು ಕೀವು ಜಿನುಗಿತು. ಕುರುವಿನ ಬಾಯಿ ಮುಚ್ಚಿಕೊಂಡರೆ ನೋವು, ತೆರೆದುಕೊಂಡರೆ ಒದ್ದೆ. ಮೂಲವ್ಯಾಧಿ ಇರಬೇಕೆಂದು ಎಮೊಸಿ ಯಾವುದೋ ಸೊಪ್ಪು ಅರೆದು ಹಚ್ಚಿದ. ಹೆಂಡತಿ ಲುಸಿಯಾನಾಗೂ ಹೇಳಲಿಲ್ಲ. ತನ್ನ ಪಂಚೆ ತಾನೇ ಒಗೆದುಕೊಂಡ. ಚಾಪೆ ಹಾಸಿದರೆಂದು ತಿಳಿದ ಕೂಡಲೇ ಹಂದಿ ಬೇಯಿಸುವ ನೆಲದ ಒಲೆಯ ಬಳಿ ಹೋಗಿ ನಿಂತುಬಿಡುತ್ತಿದ್ದ.

ಊರಿನವರಿಗೆ ಕಂಡದ್ದೇ ಬೇರೆ. ಅದೇ ಮಾರ್ಚಿನಲ್ಲಿ ಯಾರೋ ಅತಿಥಿಗೆ ಎಮೊಸಿಗಿಂತ ಮೊದಲು ಚಿಪ್ಪು ಕೊಟ್ಟಿದ್ದರು. ಅದಕ್ಕೇ ಮುನಿದಿದ್ದಾನೆ ಎಂದು ಎಲ್ಲರೂ ನಂಬಿದರು. ಮುಖಂಡನಿಗೆ ಊಟ ಸೇರದಾಯಿತು. ಕೊನೆಗೆ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ, ಹಿರಿಯ ಮಾಚಿಯು ನಾಲ್ಕು ಜನರನ್ನು ಕರೆದುಕೊಂಡು ಕ್ಷಮೆ ಕೇಳಲು ಎಮೊಸಿಯ ಮನೆಗೇ ಬಂದ. ಕೈಯಲ್ಲಿ ತಿಮಿಂಗಿಲದ ಹಲ್ಲು. ಅದಕ್ಕಿಂತ ದೊಡ್ಡ ಕಾಣಿಕೆ ಆ ನೆಲದಲ್ಲಿಲ್ಲ. ಅದನ್ನು ಕೂತೇ ಸ್ವೀಕರಿಸಬೇಕು.

ಎಮೊಸಿ ಒಂದು ಪಕ್ಕಕ್ಕೆ ವಾಲಿ ಕೂತ. ಮಾಚಿಯು ತನ್ನ ಮಾತನ್ನು ಎಮೊಸಿಯ ಮುತ್ತಜ್ಜನ ಕಾಲದಿಂದ ಶುರುಮಾಡಿದ. ಮುತ್ತಜ್ಜ ದೋಣಿ ಕಟ್ಟಿದ, ಮದುವೆಯಾದ, ಚರ್ಚು ಕಟ್ಟಿಸಿದ. ಎಮೊಸಿಯ ಹಣೆಯಿಂದ ಬೆವರು ಇಳಿಯಿತು. ಮಾತಿನಲ್ಲಿ ಅಜ್ಜ ಹುಟ್ಟುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು.

"ನೋಡಿ, ಮನಸು ಕರಗ್ತು," ಎಂದು ಯಾರೋ ಪಿಸುಗುಟ್ಟಿದರು.

"ತಾತ, ನಂಗೆ ಯಾರ ಮೇಲೂ ಕೋಪ ಇಲ್ಲ," ಎಂದ ಎಮೊಸಿ. "ಕುರು ಇದೆ."

"ಎಲ್ಲಿ?"

"ಕೂರೋ ಕಡೆ."

ಮೊದಲು ನಕ್ಕವನು ಬಂದ ನಾಲ್ವರಲ್ಲಿ ಒಬ್ಬನಾದ, ಎಮೊಸಿಯ ಸೋದರಮಾವನ ಮಗ ಇಸಿರೆಲಿ. ಗೇಲಿ ಮಾಡುವುದು ಅಲ್ಲಿ ಆ ನಂಟಿನವರಿಗೆ ಹುಟ್ಟಿನಿಂದ ಬಂದ ಹಕ್ಕು.

"ಐದು ತಿಂಗಳಿಂದ ಮುಖಂಡರು ಊಟ ಬಿಟ್ಟಿದ್ದು ನಿನ್ನ ತಿಕದ ಕುರುಗಾ ಭಾವ? ಈಗ ಈ ಹಲ್ಲನ್ನ ವಾಪಸ್ ತಗೊಂಡು ಹೋಗೋದಾ?"

"ಕೊಟ್ಟಿದ್ದು ಕೊಟ್ಟಿದ್ದೇ," ಎಂದ ಮಾಚಿಯು ಗಂಭೀರವಾಗಿ. "ನೀನು ಅವನನ್ನ ಡಾಕ್ಟರ ಹತ್ರ ಕರಕೊಂಡು ಹೋಗು."

ಬಾಗಿಲ ಬಳಿಯಿಂದ ಲುಸಿಯಾನಾ ಹೇಳಿದಳು: "ನಾನು ಇನ್ಯಾವಳೋ ಇದಾಳೆ ಅಂದ್ಕೊಂಡಿದ್ದೆ. ತನ್ನ ಬಟ್ಟೆ ತಾನೇ ಒಗೆಯೋ ಗಂಡಸು ಅಂದ್ರೆ ಮತ್ತಿನ್ನೇನು?"

ಮುಂದಿನ ಹಡಗಿಗೇ ಭಾವಂದಿರಿಬ್ಬರೂ ರಾಜಧಾನಿ ಸುವಕ್ಕೆ ಹೋದರು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ವಸಿತಿ ಪರೀಕ್ಷೆ ಮಾಡಿ, ಸ್ಕ್ಯಾನ್ ನೋಡಿ, ಎದುರಿಗೆ ಕೂತಳು.

"ಇದು ಮೂಲವ್ಯಾಧಿ ಅಲ್ಲ ಅಣ್ಣ. ಭಗಂದರ. ಒಳಗಡೆ ಒಂದು ಸಣ್ಣ ಗ್ರಂಥಿ ಕೀವಾಗಿ, ಹೊರಗಿನ ಚರ್ಮದ ತನಕ ದಾರಿ ಕೊರೆದಿದೆ. ಏಡಿ ಬಿಲಕ್ಕೆ ಮೇಲೆ ಮಣ್ಣು ಮುಚ್ಚಿದ್ರೆ ಏಡಿ ಹೋಗುತ್ತಾ?"

"ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತೆ," ಎಂದ ಎಮೊಸಿ.

"ಇದೂ ಹಾಗೇ. ಸೊಪ್ಪು ಹಚ್ಚಿದ್ರೆ ಹೊರಬಾಯಿ ಮುಚ್ಚುತ್ತೆ ಅಷ್ಟೇ. ಬಿಲವನ್ನೇ ಸರಿಮಾಡಬೇಕು."

"ಹಾಗಾದ್ರೆ ಅಗೆದುಬಿಡಿ," ಎಂದ ಇಸಿರೆಲಿ.

"ಚರ್ಮದ ಕೆಳಗೇ ಇದ್ದಿದ್ರೆ ಸೀಳಿ ಬಿಡ್ತಿದ್ದೆ. ಇದು ಮಲ ತಡೆದು ಹಿಡಿಯೋ ಸ್ನಾಯುವಿನ ಒಳಗೆ ಹಾದುಹೋಗಿದೆ. ಆತುರಪಟ್ಟು ಕೊಯ್ದರೆ ಆಮೇಲೆ ತಡೆಯೋಕಾಗಲ್ಲ. ಅದಕ್ಕೆ ಮೊದಲು ಆ ದಾರೀಲಿ ಒಂದು ದಾರ ಪೋಣಿಸಿ, ಹೊರಗೆ ಸಡಿಲವಾಗಿ ಗಂಟು ಹಾಕ್ತೀನಿ. ಕೀವು ಕಟ್ಟಿಕೊಳ್ಳದೆ ಸೋರಿಹೋಗುತ್ತೆ. ಕೆಲವು ತಿಂಗಳು ಬಿಟ್ಟು ಎರಡನೇ ಆಪರೇಷನ್."

ಎಮೊಸಿಯ ಮುಖ ಇಳಿಯಿತು. "ನವೆಂಬರಿನಲ್ಲಿ ಮದುವೆ. ಚಾಪೆ ಮೇಲೆ ಕೂರಬೇಕು."

"ಕೀವು ಕಟ್ಟಿದ್ದಕ್ಕೇ ನೋವು. ಅದು ಹರಿದುಹೋದರೆ ದಾರ ಇದ್ರೂ ಕೂರಬಹುದು. ದಿನಾ ಬಿಸಿನೀರಿನ ಟಬ್ಬಿನಲ್ಲಿ ಕೂತ್ಕೊ, ನೀರು ಕುಡಿ, ಪಪ್ಪಾಯಿ, ಸೊಪ್ಪುಸದೆ ತಿನ್ನು, ಕಕ್ಕಸಿನಲ್ಲಿ ತಿಣುಕಬೇಡ. ಬಟ್ಟೆ ಸ್ವಲ್ಪ ಒದ್ದೆಯಾದ್ರೆ ಹೆದರಬೇಡ, ಅದು ಕೆಲಸ ಮಾಡ್ತಿದೆ ಅಂತ ಅರ್ಥ. ಜ್ವರ ಬಂದ್ರೆ, ಊದಿದ್ರೆ ತಕ್ಷಣ ಬಾ."

ಆಪರೇಷನ್ ಆಗಿ ದಾರ ಒಳಗೆ ಕೂತಿತು. ಊರಿಗೆ ಬಂದ ಮೇಲೆ ಬಲೆ ಹೆಣೆಯುವ ಗಂಡಸರಿಗೆಲ್ಲ ಆ ಗಂಟಿನದೇ ಚಿಂತೆ.

"ಸಡಿಲ ಗಂಟಿಗೆ ಯಾವ ಮೀನು ನಿಲ್ಲುತ್ತೆ ಭಾವ? ತಾ, ಬಿಗಿ ಮಾಡಿಕೊಡ್ತೀನಿ," ಎಂದ ಇಸಿರೆಲಿ.

"ಮುಟ್ಟಿದ್ರೆ ಕೈ ಮುರೀತೀನಿ. ಇದು ಡಾಕ್ಟರ ಬಲೆ."

ಹತ್ತೇ ದಿನಕ್ಕೆ ಎಮೊಸಿ ಮಗ್ಗಲು ಬದಲಿಸದೆ ನಿದ್ದೆ ಮಾಡಿದ. ಒಗೆಯುವ ಕೆಲಸ ಮಾತ್ರ ಲುಸಿಯಾನಾ ವಾಪಸು ತೆಗೆದುಕೊಳ್ಳಲಿಲ್ಲ. ಅಭ್ಯಾಸವಾಗಿದೆಯಲ್ಲ, ಮಾಡಲಿ ಎಂದಳು.

ಮದುವೆಯ ದಿನ ಬೀಗರು ಸಾಲಾಗಿ ಕೂತರು. ಎಮೊಸಿ ಒಳಗೆ ದಾರವನ್ನಿಟ್ಟುಕೊಂಡೇ ಅಪ್ಪನ ಜಾಗದಲ್ಲಿ ನೆಟ್ಟಗೆ, ಎರಡೂ ಕಡೆ ಸಮನಾಗಿ ಭಾರ ಹಾಕಿ ಕೂತ. ಮುಖಂಡ ಒಮ್ಮೆ ಅವನತ್ತ ನೋಡಿ, ಚಿಪ್ಪನ್ನು ನೆಮ್ಮದಿಯಿಂದ ಎತ್ತಿದ. ಎಮೊಸಿ ಮುತ್ತಜ್ಜನ ದೋಣಿಯಿಂದ ಶುರುಮಾಡಿದ. ಬೀಗರ ಮುತ್ತಜ್ಜನನ್ನೂ ಬಿಡಲಿಲ್ಲ. ಅರ್ಧ ಗಂಟೆ ಕಳೆದು ಮುಕ್ಕಾಲಾಯಿತು. ಹಿಂದಿನ ಸಾಲಿನಲ್ಲಿ ಇಸಿರೆಲಿ ಮಿಸುಕಾಡತೊಡಗಿದ.

"ಮುಗಿಸೋ ಭಾವ," ಎಂದು ಬೆನ್ನಿಗೆ ಪಿಸುಗುಟ್ಟಿದ. "ಕಾಲು ಜೋಮು ಹಿಡಿದಿದೆ. ಎದ್ದು ಹೋಗೋ ಹಾಗೂ ಇಲ್ಲ."

ಎಮೊಸಿ ತುಟಿ ಅಲ್ಲಾಡಿಸದೆ ಹೇಳಿದ: "ಕೂತಿರು. ಐದು ತಿಂಗಳ ಮಾತು ಹೊಟ್ಟೇಲಿದೆ."

ಮತ್ತೆ ಬೀಗರ ಕಡೆ ತಿರುಗಿ, ಅಜ್ಜ ಹುಟ್ಟಿದ ಸಂಗತಿಗೆ ಬಂದ.