ಕೊಳವೆ ಹಿಡಿಯುವ ಕೈ

ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನ್ನಿನ ಬೋಲ್ಟು ಬಿಗಿಯುವ ಮಹದೇವುಗೆ ಹೆಂಡತಿಯ ಕತ್ತಿಗೆ ಒಂದು ಲಾಡಿ ಕಟ್ಟಲು ಬರುತ್ತಿರಲಿಲ್ಲ. ಕೈ ನಡುಗುತ್ತಿತ್ತು. "ಅದೇನಯ್ಯ, ಲಾಡಿ ಕಚ್ಚುತ್ತಾ?" ಎಂದು ನಾನು ಗದರಿದರೆ ಇನ್ನಷ್ಟು ನಡುಗುತ್ತಿತ್ತು. ನಮ್ಮ ವಾರ್ಡಿನಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ನರ್ಸ್ ಅಂಬುಜಮ್ಮ ಬಂದರೆ ಮಂಚದ ಕೆಳಗಿನ ಬೆಕ್ಕೂ ಎದ್ದು ಹೋಗುತ್ತದೆ ಎಂದು ಆಯಾ ಬೋರಮ್ಮ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇಲ್ಲ.

ಅವನ ಹೆಂಡತಿ ಪ್ರೇಮಮ್ಮ ಗಂಟಲುಮಾರಿಯಾಗಿ ನಮ್ಮ ಆಸ್ಪತ್ರೆಗೆ ಬಂದಾಗ ಮುಖವೆಲ್ಲ ನೀಲಿಗಟ್ಟಿತ್ತು. ಡಾಕ್ಟರು ಕತ್ತಿನ ಮುಂಭಾಗದಲ್ಲಿ ಉಸಿರಿನ ನಾಳಕ್ಕೆ ತೂತು ಮಾಡಿ ಬೆಳ್ಳಿಯ ಕೊಳವೆ ಇಟ್ಟರು. ಜ್ವರ ಇಳಿಯಿತು, ಜೀವ ಉಳಿಯಿತು. ಆದರೆ ಗಂಟಲಿನ ದಾರಿ ಕಿರಿದಾಗಿಯೇ ಉಳಿದುಬಿಟ್ಟಿತು. ಕೊಳವೆ ಇನ್ನೂ ಕೆಲವು ತಿಂಗಳು ಇರಬೇಕು, ನೋಡಿಕೊಳ್ಳುವವರಿದ್ದರೆ ಮನೆಗೆ ಕಳಿಸಬಹುದು, ಆ ತೀರ್ಮಾನ ಅಂಬುಜಮ್ಮನದು ಎಂದರು ಡಾಕ್ಟರು.

ಪ್ರೇಮಮ್ಮನಿಗೆ ಮಾತು ಹೊರಡುತ್ತಿರಲಿಲ್ಲ. ಏನಾದರೂ ಬೇಕಾದರೆ ಮಂಚದ ಕಂಬಿಗೆ ಬಳೆ ತಟ್ಟಿ ಕರೆಯುವಳು. ಹೋದರೆ ಬೇಡುತ್ತಿದ್ದುದು ಒಂದೇ. ಎರಡೂ ಕೈ ಸೇರಿಸಿ ತೊಟ್ಟಿಲಿನ ಹಾಗೆ ತೂಗಿ ಕಿಟಕಿಯಾಚೆ ಕೃಷ್ಣಮೂರ್ತಿಪುರಂ ಕಡೆಗೆ ಬೆರಳು ತೋರಿಸುವಳು. ಈಗಷ್ಟೇ ನಡೆಯಲು ಕಲಿತ ಮಗಳು ಅಲ್ಲಿ ಪಕ್ಕದ ಮನೆಯವರ ಮಡಿಲಲ್ಲಿದ್ದಳು. ಆದರೂ ಹಾಗೇ ಕಳಿಸುವಂತಿರಲಿಲ್ಲ.

ಏಕೆಂದರೆ ಆ ಕೊಳವೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಒಂದು ಬಟ್ಟೆಯ ಲಾಡಿ, ಅಷ್ಟೇ. ಕೊಳವೆಯ ಎರಡು ಪಕ್ಕಕ್ಕೂ ಕಿವಿಯಂಥ ತಗಡು, ಆ ತಗಡಿನ ಸೀಳಿನಲ್ಲಿ ಲಾಡಿ ಪೋಣಿಸಿ ಕತ್ತಿನ ಪಕ್ಕದಲ್ಲಿ ಗಂಟು ಹಾಕಬೇಕು. ಚಡ್ಡಿಗೆ ಕಟ್ಟಿದ ಹಾಗೆ ಎಳೆದರೆ ಬಿಚ್ಚುವ ಗಂಟಲ್ಲ, ಗಟ್ಟಿ ಗಂಟು. ಕಟ್ಟಿದ ಮೇಲೆ ಅಡಿಯಲ್ಲಿ ಒಂದು ಬೆರಳು ತೂರಬೇಕು. ಬಿಗಿಯಾದರೆ ಕತ್ತು ಹುಣ್ಣಾಗುತ್ತದೆ, ಸಡಿಲವಾದರೆ ಒಂದು ಕೆಮ್ಮಿಗೆ ಕೊಳವೆ ಹೊರಗೆ ಬಂದು ತೂತು ಮುಚ್ಚಿಕೊಳ್ಳುತ್ತದೆ. ಕಫಕ್ಕೆ ನೆನೆದ ಲಾಡಿಯನ್ನು ಆಗಾಗ ಬದಲಾಯಿಸಲೇಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಕೊಳವೆ ಹಿಡಿಯಬೇಕು, ಇನ್ನೊಬ್ಬರು ಕಟ್ಟಬೇಕು. ಆಸ್ಪತ್ರೆಯಲ್ಲಿ ನಾನು ಹಿಡಿದರೆ ಬೋರಮ್ಮ ಕಟ್ಟುತ್ತಿದ್ದಳು. ಮನೆಯಲ್ಲಿ?

ಮನೆಯಲ್ಲಿ ಇದ್ದವರು ಮಹದೇವು ಮತ್ತು ಅವನ ತಾಯಿ ಕೆಂಚಮ್ಮ. ಆಕೆ ದಿನಾ ರಾಗಿ ಗಂಜಿ ತರುವಳು, ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು ಅಲ್ಲೇ ನಿಲ್ಲುವಳು. ಸೊಸೆಯ ಹತ್ತಿರ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಕಫ ಕಂಡು ಅಸಹ್ಯಪಡುವ ಅತ್ತೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನನ್ನ ಮೂಗಿನ ತುದಿಯಲ್ಲೇ ಕೋಪ. "ಗಂಜಿ ಬಂತು, ಅತ್ತೆ ಬರಲಿಲ್ಲ" ಎಂದು ಆಕೆಗೆ ಕೇಳಿಸುವ ಹಾಗೆಯೇ ಬೋರಮ್ಮನಿಗೆ ಹೇಳುತ್ತಿದ್ದೆ. ಕೆಂಚಮ್ಮ ಸೆರಗು ಸರಿಮಾಡಿಕೊಳ್ಳುವಳು.

ಮಹದೇವುಗೆ ಮೊದಲು ನೀರಿನ ಹೂಜಿಯ ಕಂಠಕ್ಕೆ ಕಟ್ಟುವುದನ್ನು ಕಲಿಸಿದೆ. ಅಲ್ಲಿ ಚೆನ್ನಾಗಿಯೇ ಕಟ್ಟಿದ. ಹೂಜಿ ಕೆಮ್ಮುವುದಿಲ್ಲವಲ್ಲ. ಕೊನೆಗೆ ಒಂದು ಬೆಳಗ್ಗೆ ಪ್ರೇಮಮ್ಮನನ್ನು ಕಿಟಕಿಯ ಬೆಳಕಿಗೆ ಕೂರಿಸಿ, "ಬಾರಯ್ಯ, ಇವತ್ತು ನಿಜವಾದ ಕತ್ತು" ಎಂದೆ. ನಾನು ಕೈ ತೊಳೆದು ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆತುರಗೇಡಿ ಕತ್ತರಿ ಎತ್ತಿಕೊಂಡು ಹಳೆಯ ಲಾಡಿಯನ್ನು ಕತ್ತರಿಸಿಯೇಬಿಟ್ಟ. ಪ್ರೇಮಮ್ಮ ಕೆಮ್ಮಿದಳು. ಕೊಳವೆ ಅರ್ಧ ಹೊರಗೆ ಬಂತು.

ಟವೆಲ್ ಎಲ್ಲಿ ಎಸೆದೆನೋ ಗೊತ್ತಿಲ್ಲ. ಓಡಿ ಹೋಗಿ ಬೆರಳಲ್ಲಿ ತಡೆದು ಕೊಳವೆಯನ್ನು ಒಳಗೆ ಕೂರಿಸಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡು ಎಳೆದೆಳೆದು ಉಸಿರಾಡಿದಳು. ಮಹದೇವು ಗೋಡೆಯ ಹಾಗೆ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿಂದ ಕೂಗು ಬಂತು.

"ಅಯ್ಯೋ ಪೆದ್ದೇ! ಹೊಸದು ಕಟ್ದೆ ಹಳೇದ ಕಡೀತಾರೇನ್ಲಾ? ತಾಳಿ ದಾರ ಬದ್ಲಾಯ್ಸೋದ ನೋಡಿಲ್ವಾ ನೀನು? ಹೊಸ ದಾರ ಕತ್ತಿಗೆ ಬಿದ್ಮೇಲೆ ಅಲ್ವಾ ಹಳೇದ ತೆಗೆಯೋದು? ಒಂದ್ ಗಳಿಗೇನೂ ಕತ್ತು ಬರಿದಾಗಕೂಡ್ದು ಕಣ್ಲಾ!"

ನಾನು ತಿರುಗಿ ನೋಡಿದೆ. ಅಷ್ಟೂ ದಿನ ಗಂಟಲು ಹರಿದುಕೊಂಡು ನಾನು ಕಲಿಸಿದ್ದು ಇದನ್ನೇ. ಆಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಮನಸ್ಸಿಟ್ಟು ನೋಡಿದ್ದಳು. ಅಸಹ್ಯಪಡುವವರು ಇಷ್ಟು ನೋಡುವುದಿಲ್ಲ.

"ಕೆಂಚಮ್ಮ, ನೀವೇ ಬನ್ನಿ. ಕೊಳವೆ ಹಿಡ್ಕೊಳ್ಳಿ. ನಿಮ್ಮ ಮಗ ಕಟ್ಲಿ. ಇಬ್ಬರೂ ಕಲಿತರೆ ನಾಳೇನೇ ಮನೆಗೆ ಕಳಿಸ್ತೀನಿ."

ಆಕೆ ಇನ್ನೂ ಹಿಂದೆ ಸರಿದಳು. "ನಾನು ಮುಟ್ಟಂಗಿಲ್ಲ ಕಣವ್ವ."

"ಯಾಕೆ?"

"ಗಂಡ ಸತ್ತೋಳು ನಾನು. ಆ ಕತ್ತಲ್ಲಿ ತಾಳಿ ಐತೆ. ಮಗನ ಮದ್ವೇಲೇ ಬಾಗ್ಲ ಹಿಂದೆ ನಿಂತಿದ್ದೋಳು." ಧ್ವನಿ ಕುಗ್ಗಿತು. "ಇವ್ಳಿಗೆ ಜ್ವರ ಬರೋ ಹಿಂದಿನ ದಿನ ಇವ್ಳ ತಲೆ ಬಾಚ್ತಾ ಇದ್ದೆ. ತಾಳಿ ದಾರ ಜಡೇಗೆ ಸಿಕ್ಕಾಕ್ಕಂಡಿತ್ತು. ಮೈಮರ್ತು ಬುಡಿಸ್ಬುಟ್ಟೆ, ಈ ಕೈಯಲ್ಲೇ. ಮಾರ್ನೇ ದಿನ ಗಂಟ್ಲು ಕಟ್ಟೋಯ್ತು. ಇನ್ನೆಂಗವ್ವ ಮುಟ್ಟಲಿ?"

ನನ್ನ ಕೈ ಇನ್ನೂ ಕೊಳವೆಯ ಮೇಲಿತ್ತು, ಪ್ರೇಮಮ್ಮನ ಉಸಿರು ಬೆರಳಿಗೆ ತಾಕುತ್ತಿತ್ತು. ನನ್ನ ವಿಷಯವನ್ನು ನಾನು ಯಾರಲ್ಲೂ ಆಡುವವಳಲ್ಲ. ಬಿಳಿ ಸೀರೆ, ಬಿಳಿ ಟೋಪಿ ಹಾಕಿಕೊಂಡರೆ ಯಾರೂ ಕೇಳುವುದೂ ಇಲ್ಲ, ಅದೇ ಅದರ ಸುಖ. ಆದರೆ ಅವತ್ತು ಹೇಳಿದೆ.

"ನಮ್ಮ ಯಜಮಾನರು ಹೋದಾಗ ನನಗೆ ಹದಿನೇಳು, ಕೆಂಚಮ್ಮ. ಅಗ್ರಹಾರದ ಮನೇಲಿ ಹಿಂದಿನ ಕೋಣೇಲಿ ಕೂರಿಸಿದ್ರು. ಒಳ್ಳೇ ಕೆಲಸಕ್ಕೆ ಹೊರಟವರ ಎದುರಿಗೆ ಬರಬೇಡ ಅಂದ್ರು. ಅಲ್ಲಿಂದ ಎದ್ದು ಬಂದು ಈ ಕೆಲಸ ಕಲಿತೆ. ನಿಮ್ಮ ಸೊಸೆ ಬಂದ ದಿನದಿಂದ ಈ ಕತ್ತು ಹಿಡಿದಿರೋದು ಇದೇ ಕೈ. ನೋಡಿ, ಉಸಿರಾಡ್ತಾ ಇದ್ದಾಳೆ."

ಕೆಂಚಮ್ಮ ನನ್ನ ಬರಿಗತ್ತನ್ನು ದಿಟ್ಟಿಸಿದಳು. "ನೀವು ಕಿಲಸ್ತಾನದೋರು ಅಂದ್ಕಂಡಿದ್ನಲ್ಲವ್ವ!" ಎಂದಳು. ಬೋರಮ್ಮ ಕಿಸಕ್ಕನೆ ನಕ್ಕಳು. ಆದರೂ ಕೆಂಚಮ್ಮ ಹೊಸಿಲು ದಾಟಲಿಲ್ಲ. "ನಿಮ್ದು ಆಸ್ಪತ್ರೆ ಕೈ. ನಂದು ಮನೆ ಕೈ. ಬ್ಯಾಡ ಬುಡಿ" ಎಂದಳು.

ಬಾಯಿ ಜೋರಿದ್ದರೆ ಎಲ್ಲವೂ ಆಗುವುದಿಲ್ಲ.

ಆಗ ಬಳೆ ಸದ್ದಾಯಿತು. ಪ್ರೇಮಮ್ಮ ಕಂಬಿಗೆ ತಟ್ಟುತ್ತಿದ್ದಳು. ಏನಮ್ಮ ಎಂದು ನಾನು ಬಗ್ಗಿದರೆ ನನ್ನ ಕಡೆ ನೋಡಲೂ ಇಲ್ಲ. ಅತ್ತೆಯನ್ನೇ ನೋಡುತ್ತ ತಟ್ಟಿದಳು, ಮತ್ತೆ ತಟ್ಟಿದಳು. ಒಂದು ಬಳೆ ಒಡೆದು ಚೂರು ನೆಲಕ್ಕೆ ಬಿತ್ತು. ಕೆಂಚಮ್ಮ ಹೌಹಾರಿ, "ಬಳೆ ಒಡೀಬ್ಯಾಡ ಕಣವ್ವ, ಬಂದೆ" ಎಂದು ಓಡಿ ಬಂದಳು. ಅವಳ ಕೈಯನ್ನು ಪ್ರೇಮಮ್ಮ ಎರಡೂ ಕೈಯಲ್ಲಿ ಹಿಡಿದು ತನ್ನ ಕತ್ತಿನ ಹತ್ತಿರ ತಂದು, ನನ್ನ ಬೆರಳಿನ ಪಕ್ಕದಲ್ಲಿಟ್ಟುಕೊಂಡಳು.

ನಾನು ಮೆಲ್ಲಗೆ ಆ ಒರಟು ಬೆರಳುಗಳನ್ನು ಕೊಳವೆಯ ಎರಡು ಕಿವಿಗಳ ಮೇಲೆ ಕೂರಿಸಿದೆ. ಕೆಂಚಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಕೈ ಅಲುಗಲಿಲ್ಲ.

"ಬೆಚ್ಚಗೈತೆ" ಎಂದಳು. "ಉಸ್ರು."

"ಹಾಗೇ ಹಿಡ್ಕೊಂಡಿರಿ" ಎಂದು ನಾನು ನನ್ನ ಕೈ ತೆಗೆದೆ. "ಕತ್ತು ಸ್ವಲ್ಪ ಬಗ್ಗಿಸಮ್ಮ ಪ್ರೇಮಮ್ಮ, ತಾಳಿಗೆ ಬಗ್ಗಿದ ಹಾಗೆ. ನೀನು ಕಟ್ಟಯ್ಯ."

ತಾಯಿಯ ಕೈ ಅಲುಗದಿದ್ದುದನ್ನು ಕಂಡೋ ಏನೋ, ಮಹದೇವುವಿನ ನಡುಕವೂ ನಿಂತಿತ್ತು. ಸೀಳಿನಲ್ಲಿ ಲಾಡಿ ತೂರಿಸಿ, ಕತ್ತಿನ ಹಿಂದೆ ತಂದು, ಪಕ್ಕದಲ್ಲಿ ಗಂಟು ಹಾಕಿದ. ಗಂಟಿನ ಅಡಿಯಲ್ಲಿ ನನ್ನ ಬೆರಳು ತೂರಿಸಿ ನೋಡಿದೆ. ಸರಿಯಾಗಿತ್ತು. ಹೊಗಳುವ ಅಭ್ಯಾಸ ನನಗಿಲ್ಲ, "ಬೋಲ್ಟಿಗಿಂತ ವಾಸಿ" ಎಂದೆ.

ಇನ್ನೂ ಕೆಲವು ಸಲ ನನ್ನ ಎದುರಿಗೇ ಇಬ್ಬರಿಂದಲೂ ಮಾಡಿಸಿದ ಮೇಲೆ ಮನೆಗೆ ಕಳಿಸಲು ಒಪ್ಪಿದೆ. ಹೊರಡುವ ದಿನ ಮಹದೇವು ಜಟಕಾ ತಂದು ಆಸ್ಪತ್ರೆಯ ಮೆಟ್ಟಿಲ ಬಳಿ ನಿಲ್ಲಿಸಿದ. ಒಳಗೆ ಮಗು ಕೂತಿತ್ತು. ಅಮ್ಮನ ಕತ್ತಿನಲ್ಲಿ ಹೊಳೆಯುವ ಬೆಳ್ಳಿ ಕಂಡು ಒಂದು ಗಳಿಗೆ ಹಿಂಜರಿದು, ಆಮೇಲೆ ಕೈ ಚಾಚಿತು. ಪ್ರೇಮಮ್ಮ ಹತ್ತಲು ಹೋದಾಗ, "ತಡಿ" ಎಂದಳು ಕೆಂಚಮ್ಮ.

ಬೆರಳು ತೂರಿಸಿ ಲಾಡಿ ಸರಿಯಿದೆಯೇ ಎಂದು ನೋಡಿದಳು. ಅರಿಶಿನದ ತಾಳಿ ದಾರ ಆ ಲಾಡಿಯ ಗಂಟಿಗೆ ಸಿಕ್ಕಿಕೊಂಡಿತ್ತು. ಕೆಂಚಮ್ಮನ ಬೆರಳು ಅಲ್ಲೇ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಮೆಟ್ಟಿಲು ಇಳಿಯಲಿಲ್ಲ. ಆಮೇಲೆ, ಜಟಕಾದವನೂ ಮಹದೇವೂ ಬೀದಿಯಲ್ಲಿ ಹೋಗುವವರೂ ನೋಡುತ್ತಿರುವಾಗಲೇ, ಆಕೆ ನಿಧಾನವಾಗಿ ಆ ದಾರವನ್ನು ಬಿಡಿಸಿ ಸೊಸೆಯ ಎದೆಯ ಮೇಲೆ ನೇರವಾಗಿ ಇಳಿಬಿಟ್ಟಳು.

"ಊಂ, ಹತ್ತವ್ವ" ಎಂದಳು.