ಬಾಟಲಿಗಳ ಬಿಳಿ ಹರಳು

ರಾತ್ರಿ ಎರಡು ದಾಟಿದ ಮೇಲೆ ಗಾಜಿಗೆ ಗಾಜು ಉಜ್ಜುವ ಸಣ್ಣ ಸದ್ದು ಕೇಳಿಸಿತು. ಮೇಜಿಗೊರಗಿ ತೂಕಡಿಸುತ್ತಿದ್ದ ಮಾಲಿವನ್ ದಿಗ್ಗನೆದ್ದಳು. ಪ್ರಯೋಗಾಲಯ ಗುಡಿಸುವ ಲಮಾಯ್ ದೊಡ್ಡಮ್ಮ ಅವಳ ಫ್ಲಾಸ್ಕಿನೊಳಗೆ ಗಾಜಿನ ಕಡ್ಡಿ ಇಳಿಬಿಟ್ಟು ಕೆರೆಯುತ್ತಿದ್ದಳು.

"ಅಯ್ಯೋ, ಮುಟ್ಬೇಡಿ!"

"ಮೂರು ಸಲ ಕೆಟ್ಟಿದ್ದು ನಾನು ಮುಟ್ಟಿದ್ದಕ್ಕಾ ಡಾಕ್ಟ್ರಮ್ಮ? ತಾಳೆಬೆಲ್ಲ ಹರಳುಗಟ್ಟದಿದ್ರೆ ನಮ್ಮಮ್ಮ ಬಾಣಲೆ ಹೀಗೇ ಕೆರೀತಿದ್ಲು."

ಫ್ಲಾಸ್ಕಿನಲ್ಲಿದ್ದದ್ದು ರಯೋಂಗ್ ಕಡಲ ದಂಡೆಯ ಹೆಂಗಸರು ಹೆಕ್ಕಿಕೊಟ್ಟ ಪ್ಲಾಸ್ಟಿಕ್ ಬಾಟಲಿಗಳ ದ್ರಾವಣ. ಬಾಟಲಿಗಳನ್ನು ಚೂರು ಮಾಡಿ ಗ್ಲೈಕಾಲ್ ಎಂಬ ದ್ರವದಲ್ಲಿ ಕುದಿಸಿ, ಬಿಸಿನೀರಿನಲ್ಲಿ ಕರಗಿಸಿ, ಸೋಸಿ ತಣಿಸಿದರೆ ಬಿಳಿ ಹರಳು ಬರಬೇಕು. ಆ ಹರಳಿನಿಂದ ಮುಂದೆ ಬಲೆಯ ದಾರ. ಇದುವರೆಗೆ ಬಂದದ್ದು ಬರೀ ಅಂಟು. ಬೆಳಿಗ್ಗೆ ಒಂಬತ್ತಕ್ಕೆ ಆ ಹೆಂಗಸರು ನೋಡಲು ಬರುತ್ತಾರೆ. ಅಂಟು ತೋರಿಸಿದರೆ ಬಾಟಲಿಗಳು ಮತ್ತೆ ಗುಜರಿಯವನ ಪಾಲು, ಮಾಲಿವನ್‌ಳ ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಗೀರಿದ ಜಾಗದಲ್ಲಿ ಬಿಳಿ ಸೂಜಿಯೊಂದು ಮೂಡಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತ ಫ್ಲಾಸ್ಕೇ ಬೆಳ್ಳಗಾಯಿತು. ಗೀರಿದರೆ ಹರಳು ಹುಟ್ಟುತ್ತದೆಂದು ಮಾಲಿವನ್ ಕಾಲೇಜಿನಲ್ಲೇ ಓದಿದ್ದಳು. ಧೂಳು ಬಿದ್ದೀತೆಂದು ಹೆದರಿ ಮುಚ್ಚಳವನ್ನೇ ತೆಗೆದಿರಲಿಲ್ಲ.

ನಗುತ್ತಲೇ ಫೋಟೋ ತೆಗೆದು ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ತವಚೈ ಅವರಿಗೆ ಕಳಿಸಿದಳು.

"ಇನ್ನು ಹರಕೆ ತೀರಿಸು," ಎಂದಳು ದೊಡ್ಡಮ್ಮ.

"ಯಾವ ಹರಕೆ?"

"ಹರಳು ಬಂದ್ರೆ ಗೇಟಿನ ಗುಡಿ ಮುಂದೆ ನೀನು ಕುಣೀತೀಯ ಅಂತ ಹೇಳ್ಕೊಂಡಿದ್ದೆ."

"ನನ್ನ ಹೆಸರಲ್ಲಿ ಹೊತ್ಕೊಂಡ್ರಾ? ನೀವೇ ಕುಣೀಬೋದಿತ್ತಲ್ಲ!"

"ಮಂಡಿನೋವು ಮಗಳೇ."

"ಹರಕೆ ಗಿರಕೆ ಅಂದ್ರೆ ಪ್ರೊಫೆಸರ್ ಎಲ್ಲರೆದುರು ಆಡ್ಕೋತಾರೆ, ಗೊತ್ತಲ್ಲ?"

"ಅವರು ಎಂಟಕ್ಕೆ ಬರೋದು. ಬೆಳಗಾಗೋ ಮುಂಚೆ ಮುಗಿಸ್ಬಿಡು."

ನಸುಕಿನಲ್ಲಿ ಮಾಲಿವನ್ ಗೇಟಿನ ಬಳಿ ಹೋದಳು. ಕಂಬದ ಮೇಲಿನ ಪುಟ್ಟ ಗುಡಿಗೆ ಕೈಮುಗಿದು, ಅತ್ತಿತ್ತ ನೋಡಿ, ಬಿಳಿ ಕೋಟಿನಲ್ಲೇ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಕುಣಿಯತೊಡಗಿದಳು. ಎರಡನೇ ಸುತ್ತು ತಿರುಗುವಾಗ ಗುಡಿಯ ಹಿಂದೆ ಯಾರೋ ಕೆಮ್ಮಿದರು.

ಪ್ರೊಫೆಸರ್ ತವಚೈ! ಕುಕ್ಕರಗಾಲಿನಲ್ಲಿ ಕೂತಿದ್ದರು. ಮುಂದೆ ಊದುಬತ್ತಿ, ತಟ್ಟೆ ತುಂಬ ಹರಕೆ ತೀರಿಸಲು ತಂದ ಬೇಯಿಸಿದ ಮೊಟ್ಟೆ.

ಮಾಲಿವನ್ ಎತ್ತಿದ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿದಳು.

"ಹರಳು ಚೆನ್ನಾಗಿ ಬಂದಿದೆ," ಎಂದರು ಅವರು, ಮೊಟ್ಟೆಗಳ ಕಡೆ ನೋಡುತ್ತ.

"ಹೌದು ಸರ್."

"ಒಂದು ತಗೋ. ಊದುಬತ್ತಿ ಉರಿದಾಯ್ತು, ದೇವರ ಊಟ ಮುಗೀತು."

ಮೊಟ್ಟೆ ಇನ್ನೂ ಬೆಚ್ಚಗಿತ್ತು. ಸಿಪ್ಪೆ ಸುಲಿಯುತ್ತ ಮಾಲಿವನ್ ನಿರ್ಧರಿಸಿದಳು: ಇದನ್ನು ಯಾರಿಗೂ ಹೇಳುವುದಿಲ್ಲ, ಲಮಾಯ್ ದೊಡ್ಡಮ್ಮನಿಗೂ.